ಕೊಳಗ ಎಷ್ಟು ಸೇರಿನದು

ಸಾಗರ ತಾಲ್ಲೂಕು
16–1–2025

ಚಿ. ಮೇಧಾಳಿಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಡಿಕೆಯ ಕೊನೆಕೊಯ್ಲು ಮುಗಿಯುತ್ತ ಬಂತು. ಮೆಣಸಿನ ಬಳ್ಳಿಯಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಕೆಂಪಾಗಿದೆ, ನಿನ್ನ ಅಪ್ಪಯ್ಯ ಏಣಿ ಹೊಂದಿಸುವ ಗಡಿಬಿಡಿಯಲ್ಲಿದ್ದಾನೆ.

ಕೊಲಂಬೊದಿಂದ ನೀನು ಬರೆದದ್ದನ್ನು ಎರಡು ಸಲ ಓದಿದೆ. "ಬಡವರ ಮನೆಯ ಹುಡುಗ ಅಧ್ಯಕ್ಷನಾದ, ಇನ್ನು ಈ ದೇಶ ಸರಿಹೋಗುತ್ತೆ ಅತ್ತೆ" ಅಂತ ಬರೆದಿದ್ದೀಯಲ್ಲ, ಆ ಮಾತಿನ ಮೊದಲರ್ಧಕ್ಕೆ ನನಗೂ ನಿನ್ನಷ್ಟೇ ಸಂತೋಷ. ಎರಡನೆಯ ಅರ್ಧದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನೀನು ಅಲ್ಲೇ ಕೆಲಸ ಮಾಡುವವಳು, ಅದರಲ್ಲೂ ಮೆಣಸಿನ ವ್ಯಾಪಾರದಲ್ಲಿರುವವಳು. ಅಲ್ಲಿ ಏನಾದರೂ ಅದು ನಮ್ಮ ತೋಟದವರೆಗೂ ಬರುತ್ತದೆ.

ಸಂತೋಷಪಡಬೇಕಾದ್ದೇ ಹೌದು. ಶ್ರೀಲಂಕಾದ ಈ ಹೊಸ ಅಧ್ಯಕ್ಷ ಅನುರಾ ಕುಮಾರ ದಿಸ್ಸಾನಾಯಕೆ 2019ರ ಚುನಾವಣೆಯಲ್ಲಿ ಪಡೆದದ್ದು ನೂರಕ್ಕೆ ಬರೀ 3 ಮತ. ಅವರ ಕೂಟಕ್ಕೆ ಹಿಂದಿನ ಸಂಸತ್ತಿನಲ್ಲಿ ಇದ್ದದ್ದು 3 ಸ್ಥಾನ. 2024ರ ಸೆಪ್ಟೆಂಬರ್ 21ರಂದು ಅವರಿಗೆ ಮೊದಲ ಎಣಿಕೆಯಲ್ಲಿ 42.31 ಪ್ರತಿಶತ ಬಂತು. ಯಾರಿಗೂ ಅರ್ಧ ದಾಟಲಿಲ್ಲವಾದ್ದರಿಂದ, ಆ ದೇಶದ ಇತಿಹಾಸದಲ್ಲೇ ಮೊದಲ ಸಲ ಎರಡನೆಯ, ಮೂರನೆಯ ಆಯ್ಕೆಯ ಮತಗಳನ್ನು ಎಣಿಸಬೇಕಾಯಿತು. ನವೆಂಬರ್ 14ರಂದು ಸಂಸತ್ತಿಗೆ ಮತದಾನವಾದಾಗ ಅವರ ಕೂಟಕ್ಕೆ 225ರಲ್ಲಿ 159 ಸ್ಥಾನ. ಸಂವಿಧಾನ ಬದಲಿಸಲು ಬೇಕಾದ ಮೂರರಲ್ಲಿ ಎರಡು ಪಾಲಿಗೆ 150 ಸಾಕು. ತಮಿಳರ ಜಾಫ್ನಾದಲ್ಲೂ ಆರಕ್ಕೆ ಮೂರು ಗೆದ್ದರು, ದಕ್ಷಿಣದ ಸಿಂಹಳ ಪಕ್ಷವೊಂದು ಅಲ್ಲಿ ಹೀಗೆ ಗೆದ್ದದ್ದಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು ಅಧ್ಯಕ್ಷ, ಪ್ರಧಾನಿ, ಹಣಕಾಸು ಮಂತ್ರಿ ಎಲ್ಲವೂ ಆಗಿದ್ದ ದೇಶದಲ್ಲಿ ಜನ ಗಲಾಟೆಯಿಲ್ಲದೆ, ಸಾಲಿನಲ್ಲಿ ನಿಂತು, ಕಾಗದದ ಮೇಲೆ ಗುರುತು ಹಾಕಿ ಇಷ್ಟು ಮಾಡಿದರು ಅನ್ನುವುದು ಸಣ್ಣ ಮಾತಲ್ಲ.

ಆದರೆ ನಿನ್ನ ಕಾಗದದ ತುಂಬ ಇದ್ದದ್ದು ಅವರ ಸರಳತನ, ಅವರ ಹಳ್ಳಿ, ಅವರ ಮಾತು. ಅದು ಸಾಲದು ಕಣೆ. ನಮ್ಮದೇ ತಾಲ್ಲೂಕಿನ ಕಾಗೋಡನ್ನು ನೆನೆಸಿಕೋ. 1951ರಲ್ಲಿ ಅಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಶುರುವಾದದ್ದು ಗೇಣಿ ಭತ್ತ ಅಳೆಯುವ ಕೊಳಗದಿಂದ. ಜಮೀನಿನ ಒಡೆಯರ ಕೊಳಗ ದೊಡ್ಡದು, ಸರಿಯಾದ ಅಳತೆಯ ಕೊಳಗ ಬೇಕು ಅನ್ನುವುದು ಬೇಡಿಕೆ. ಒಡೆಯರಲ್ಲಿ ಕರುಣೆಯಿದ್ದವರೂ ಇದ್ದರು, ಇಲ್ಲದವರೂ ಇದ್ದರು. ಕರುಣೆಯಿದ್ದವರು ಅಳೆದರೂ ಕೊಳಗ ಅದೇ. ಸಮಾಜವಾದಿ ನಾಯಕ ಲೋಹಿಯಾ ಬಂದು ಸೆರೆಯಾದರು, ಮಾತು ದೇಶಕ್ಕೆಲ್ಲ ಹಬ್ಬಿತು. ಆದರೂ ಉಳುವವನ ಹೆಸರಿಗೆ ಪಹಣಿ ಬಂದದ್ದು ಭೂಸುಧಾರಣೆ ಕಾಯ್ದೆಯ 1974ರ ತಿದ್ದುಪಡಿಯ ಮೇಲೆ, ಏಳನೇ ನಮೂನೆಯ ಅರ್ಜಿ ಬರೆದುಕೊಟ್ಟು ಭೂನ್ಯಾಯ ಮಂಡಳಿ ಎದುರು ನಿಂತ ಮೇಲೆ. ಯಾವ ಒಡೆಯನ ಮನಸ್ಸು ಬದಲಾದದ್ದರಿಂದಲೂ ಅಲ್ಲ. ಹೊಸ ನಾಯಕನ ವಿಷಯಕ್ಕೂ ಮೊದಲು ಕೇಳಬೇಕಾದ್ದು ಇದನ್ನೇ, ಅವನ ಕೈಯಲ್ಲಿರುವ ಕೊಳಗ ಎಷ್ಟು ಸೇರಿನದು, ಅದನ್ನು ಸಣ್ಣದು ಮಾಡಲು ಅವನು ತಯಾರಿದ್ದಾನೆಯೆ?

ಶ್ರೀಲಂಕಾದಲ್ಲಿ ಆ ಕೊಳಗವನ್ನು ಮಾಡಿಸಿದ್ದು 1978ರಲ್ಲಿ, ಜಯವರ್ಧನೆ ಅವರ ಕಾಲದ ಸಂವಿಧಾನ. ಅಲ್ಲಿಯವರೆಗೆ ನಮ್ಮ ಹಾಗೆ ಪ್ರಧಾನಿಯೇ ಮುಖ್ಯ. ಆಮೇಲೆ ಅಧಿಕಾರವೆಲ್ಲ ಅಧ್ಯಕ್ಷರ ಕುರ್ಚಿಗೆ ಹೋಯಿತು. ಈ ಕುರ್ಚಿಯನ್ನು ತೆಗೆದುಹಾಕುತ್ತೇನೆ ಎಂದು 1994ರಲ್ಲಿ ಚಂದ್ರಿಕಾ ಕುಮಾರತುಂಗ ಮಾತು ಕೊಟ್ಟರು, 2005ರಲ್ಲಿ ಮಹಿಂದ ರಾಜಪಕ್ಸ ಕೊಟ್ಟರು, 2015ರಲ್ಲಿ ಸಿರಿಸೇನ ಕೊಟ್ಟರು. ಕೂತ ಮೇಲೆ ಯಾರೂ ತೆಗೆಯಲಿಲ್ಲ. ಸಿರಿಸೇನ ಕಾಲದ 19ನೇ ತಿದ್ದುಪಡಿ ಸ್ವಲ್ಪ ಕತ್ತರಿಸಿತು. 2020ರ ಅಕ್ಟೋಬರಿನಲ್ಲಿ ಗೋಟಬಯ ರಾಜಪಕ್ಸ 20ನೇ ತಿದ್ದುಪಡಿ ತಂದು ಕತ್ತರಿಸಿದ್ದರಲ್ಲಿ ಬಹುಪಾಲನ್ನು ಮತ್ತೆ ಹೊಲಿದುಕೊಂಡರು. ಜನ ಬೀದಿಗಿಳಿದು ಅವರು ಓಡಿಹೋದ ಮೇಲೆ, 2022ರ ಅಕ್ಟೋಬರಿನಲ್ಲಿ 21ನೇ ತಿದ್ದುಪಡಿ ಬಂತು. ಈಗ ನಡೆಯುತ್ತಿರುವುದು ಅದು.

ದಿಸ್ಸಾನಾಯಕೆ ಅವರ ಕೂಟವೂ ಹೊಸ ಸಂವಿಧಾನ ತಂದು ಈ ಪದ್ಧತಿಯನ್ನೇ ಕೊನೆಗಾಣಿಸುತ್ತೇವೆ ಎಂದು ಬರೆದುಕೊಟ್ಟಿದೆ. ಹಿಂದಿನವರಿಗೆ "ಸಂಸತ್ತಿನಲ್ಲಿ ಬಲ ಸಾಲದು" ಎಂಬ ನೆಪವಿತ್ತು. ಇವರಿಗೆ 159 ಇದೆ, ಮೇಲೆ ಜನಮತಗಣನೆ ಒಂದು ಮಾಡಿಸಬೇಕು, ಅಷ್ಟೆ. ನನ್ನ ದೊಡ್ಡ ಆಸೆ, ದೊಡ್ಡ ಹೆದರಿಕೆ ಎರಡೂ ಈ 159ರ ಮೇಲೇ ನಿಂತಿವೆ. ಗೋಟಬಯ ಅವರಿಗೂ ಮಿತ್ರಪಕ್ಷಗಳು ಸೇರಿ ಇದೇ ಮೂರರಲ್ಲೆರಡು ಪಾಲು ಇತ್ತು. ದಿಸ್ಸಾನಾಯಕೆ ಅವರೂ ರಕ್ಷಣೆ ಮತ್ತು ಹಣಕಾಸು ಎರಡನ್ನೂ ತಮ್ಮ ಬಳಿಯೇ ಇಟ್ಟುಕೊಂಡಿದ್ದಾರೆ. ಪ್ರಧಾನಿ ಹರಿಣಿ ಅಮರಸೂರ್ಯ ಓದಿಕೊಂಡ ಹೆಣ್ಣುಮಗಳು, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಆದರೆ ಆ ಕುರ್ಚಿಗೆ ಈ ವ್ಯವಸ್ಥೆಯಲ್ಲಿ ಹೆಚ್ಚು ಬಲವಿಲ್ಲ. ನೀನು ನೋಡಬೇಕಾದ್ದು ಸಂವಿಧಾನ ಮಂಡಳಿ ಎಂಬ ಹತ್ತು ಜನರ ಸಭೆಯನ್ನು. ಅದರಲ್ಲಿ ಏಳು ಸಂಸದರು, ಮೂವರು ಹೊರಗಿನವರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ, ಪೊಲೀಸ್ ಮುಖ್ಯಸ್ಥ, ಚುನಾವಣಾ ಆಯೋಗ, ಲಂಚ ತನಿಖಾ ಆಯೋಗ, ಈ ನೇಮಕಗಳೆಲ್ಲ ಅಲ್ಲಿ ಒಪ್ಪಿಗೆ ಪಡೆಯಬೇಕು. ಅಧ್ಯಕ್ಷರು ಕಳಿಸಿದ ಹೆಸರನ್ನು ಅವರು ಒಮ್ಮೆಯಾದರೂ ವಾಪಸು ಕಳಿಸಿದರೆ, ಆಗ ಅಧ್ಯಕ್ಷರು ಸುಮ್ಮನೆ ಬೇರೆ ಹೆಸರು ಕಳಿಸಿದರೆ, ಕೊಳಗ ಸಣ್ಣದಾಗುತ್ತಿದೆ ಎಂದು ತಿಳಿ. ಬೀದಿಯಲ್ಲಿ ಸೈರನ್ ಇಲ್ಲದೆ ಕಾರು ಓಡಾಡಿತು ಅನ್ನುವುದಕ್ಕಿಂತ ಇದು ದೊಡ್ಡ ಸುದ್ದಿ.

ದೊಡ್ಡ ಕೊಳಗ ಎಷ್ಟು ಹಾಳು ಮಾಡಬಲ್ಲದು ಅನ್ನುವುದಕ್ಕೆ ಗೊಬ್ಬರದ ಕಥೆಗಿಂತ ಬೇರೆ ಬೇಡ. ಇದು ನಿನಗೆ ಬೇಗ ಅರ್ಥವಾಗುತ್ತೆ, ತೋಟದ ಮನೆಯಲ್ಲಿ ಹುಟ್ಟಿದವಳು.

ಗೋಟಬಯ ಅವರ ಕಾಲದಲ್ಲಿ, 2021ರ ಮೇ 6ಕ್ಕೆ ಒಂದು ಗೆಜೆಟ್ ಹೊರಟಿತು. ರಾಸಾಯನಿಕ ಗೊಬ್ಬರ, ಕೀಟನಾಶಕ ಎರಡರ ಆಮದೂ ಬಂದ್. ಇಡೀ ದೇಶ ಒಂದೇ ಸಲ ಸಾವಯವ. ಕೇಳಲು ಎಷ್ಟು ಚಂದ! ನಮ್ಮಲ್ಲೂ ಚಪ್ಪಾಳೆ ತಟ್ಟಿದವರಿದ್ದರು. ಈಗ ಲೆಕ್ಕ ಹಾಕು. 45 ಕಿಲೋದ ಒಂದು ಯೂರಿಯಾ ಚೀಲದಲ್ಲಿ 46 ಪ್ರತಿಶತ ಸಾರಜನಕ, ಅಂದರೆ 20 ಕಿಲೋ ಚಿಲ್ಲರೆ. ಕೊಟ್ಟಿಗೆ ಗೊಬ್ಬರದಲ್ಲಿ ಇರುವುದು ಅರ್ಧ ಪ್ರತಿಶತದ ಆಸುಪಾಸು. ಆ ಒಂದು ಚೀಲಕ್ಕೆ ಬದಲಾಗಿ 4 ಟನ್ ಗೊಬ್ಬರ ಬೇಕು, ಎರಡು ಟ್ರ್ಯಾಕ್ಟರ್ ಲೋಡು ಅನ್ನು. ಅದರಲ್ಲೂ ಮೊದಲ ವರ್ಷ ಬೆಳೆಗೆ ಸಿಗುವುದು ಅರ್ಧಕ್ಕಿಂತ ಕಡಿಮೆ, ಉಳಿದದ್ದು ನಿಧಾನಕ್ಕೆ ಮಣ್ಣಿನಲ್ಲಿ ಬಿಡುವಂಥದು. ನಮ್ಮ ಅಡಿಕೆಗೇ ತೆಗೆದುಕೋ. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ರಂಜಕ, 140 ಪೊಟ್ಯಾಷ್, ಅದರ ಜೊತೆಗೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಗೊಬ್ಬರ ಅನ್ನುವುದು ಶಿಫಾರಸು. ಎಕರೆಗೆ 550 ಮರ ಇಟ್ಟರೆ ಸೊಪ್ಪೇ ಆರೂವರೆ ಟನ್ ದಾಟಿತು, ಗೊಬ್ಬರ ಮತ್ತಷ್ಟೇ. ತಲೆಮಾರುಗಳಿಂದ ಸೊಪ್ಪಿನಬೆಟ್ಟ ಇಟ್ಟುಕೊಂಡ, ಕೊಟ್ಟಿಗೆಯಲ್ಲಿ ದರಕು (ಒಣಗಿದ ಎಲೆ) ಹಾಸಿ ಗೊಬ್ಬರ ಮಾಡುವ ಊರಿನಲ್ಲೇ ಈ ಸೊಪ್ಪು ಹೊರುವುದಕ್ಕೆ ಆಳು ಸಿಗದೆ ಜನ ಒದ್ದಾಡುತ್ತಾರೆ. ಬೆಟ್ಟವಿಲ್ಲದ, ದನವಿಲ್ಲದ, ಇಷ್ಟು ದಶಕ ಸರ್ಕಾರವೇ ಕಡಿಮೆ ಬೆಲೆಗೆ ಯೂರಿಯಾ ಕೊಟ್ಟು ರೂಢಿ ಮಾಡಿದ ಗದ್ದೆಯವನಿಗೆ "ಮುಂದಿನ ನಾಟಿಯಿಂದ ಬಿಡು" ಅಂದರೆ ಅವನು ಎಲ್ಲಿಂದ ತರಬೇಕು?

ಸಾವಯವ ತಪ್ಪಲ್ಲ, ಮೇಧಾ. ನಾಲ್ಕೈದು ವರ್ಷ ಹಿಡಿದು, ಮೊದಲು ಮೂರನೇ ಒಂದು ಪಾಲು ಕಡಿಮೆ ಮಾಡಿ, ಹಸಿರೆಲೆ ಗೊಬ್ಬರ ಬಿತ್ತಿಸಿ, ಇಳುವರಿ ನೋಡಿ ಮುಂದಿನ ಹೆಜ್ಜೆ ಇಡುವ ಕೆಲಸ ಅದು. ಅಲ್ಲಿ ಆದದ್ದು ಅದಲ್ಲ. ಬೊಕ್ಕಸದಲ್ಲಿ ಡಾಲರ್ ಇರಲಿಲ್ಲ, ಗೊಬ್ಬರ ತರಿಸುವ ದುಡ್ಡು ಉಳಿಸುವುದೂ ಲೆಕ್ಕದಲ್ಲಿತ್ತು. ಕೃಷಿ ವಿಜ್ಞಾನಿಗಳು ಬೇಡ ಅಂದರು, ರೈತರು ರಸ್ತೆಗೆ ಬಂದರು. ಕೇಳಿಸಿಕೊಳ್ಳಲೇಬೇಕು ಎಂಬ ಕಟ್ಟುಪಾಡು ಆ ಕುರ್ಚಿಗೆ ಇರಲಿಲ್ಲ. ನವೆಂಬರಿನಲ್ಲಿ ನಿಷೇಧ ವಾಪಸಾಯಿತು. ಅಷ್ಟರಲ್ಲಿ ದೊಡ್ಡ ಹಂಗಾಮಿನ ಬಿತ್ತನೆ ಆಗಿಹೋಗಿತ್ತು. ಮುಂದಿನ ಕೊಯ್ಲಿನಲ್ಲಿ ಭತ್ತ ಮೂರನೇ ಒಂದಕ್ಕೂ ಹೆಚ್ಚು ಕುಸಿಯಿತು. ಅಕ್ಕಿಯಲ್ಲಿ ಸ್ವಾವಲಂಬಿಯಾಗಿದ್ದ ನಾಡು ಅಕ್ಕಿಗೆ ಕೈಚಾಚಿತು.

ಅದಕ್ಕೂ ಮೊದಲು ಇನ್ನೊಂದು ಆದೇಶ ಇತ್ತು, ಅದನ್ನು ಜನ ಮರೆತಿದ್ದಾರೆ. 2019ರ ಕೊನೆಗೆ, ಗೋಟಬಯ ಗೆದ್ದ ಹೊಸತರಲ್ಲಿ, ವ್ಯಾಟ್ ತೆರಿಗೆಯನ್ನು 15ರಿಂದ 8ಕ್ಕೆ ಇಳಿಸಿದರು. ವರ್ಷಕ್ಕೆ ಅಲ್ಲಿನ 1.2 ಕೋಟಿ ರೂಪಾಯಿ ವಹಿವಾಟಿದ್ದವರು ತೆರಿಗೆಗೆ ನೋಂದಾಯಿಸಬೇಕಿತ್ತು, ಆ ಮಿತಿಯನ್ನು 30 ಕೋಟಿಗೆ ಏರಿಸಿದರು. ಆ ದಿನ ಎಲ್ಲರಿಗೂ ಖುಷಿ. ಸರ್ಕಾರದ ಆದಾಯ ದೇಶದ ಒಟ್ಟು ಉತ್ಪನ್ನದ ಶೇಕಡಾ 8–9ಕ್ಕೆ ಬಂದು ನಿಂತಿತು. ಆದಾಯ ಬಿದ್ದದ್ದು ಕಂಡು ಹೊರಗಿನವರು ಸಾಲ ಕೊಡುವುದನ್ನು ನಿಲ್ಲಿಸಿದರು, ಹಳೆಯ ಸಾಲ ತೀರಿಸಲು ಇದ್ದ ಡಾಲರ್ ಖರ್ಚಾಯಿತು, 2022ರ ಏಪ್ರಿಲ್ 12ಕ್ಕೆ "ವಿದೇಶಿ ಸಾಲ ಕಟ್ಟಲಾರೆವು" ಎಂದು ಸಾರಬೇಕಾಯಿತು. ಪೆಟ್ರೋಲಿಗೆ, ಗ್ಯಾಸಿಗೆ ದಿನಗಟ್ಟಲೆ ಸಾಲು. ಆ ಸೆಪ್ಟೆಂಬರಿನಲ್ಲಿ ಬೆಲೆಯೇರಿಕೆ 70 ಪ್ರತಿಶತದ ಹತ್ತಿರ. ಒಳ್ಳೆಯ ಸುದ್ದಿಯ ಹಾಗೆ ಬಂದ ಒಂದು ಆದೇಶದಿಂದ ಎರಡೂವರೆ ವರ್ಷದಲ್ಲಿ ಇಷ್ಟು ದೂರ.

ಆದ್ದರಿಂದ ಹೊಸಬರು ಏನಾದರೂ ಪುಕ್ಕಟೆ ಕೊಟ್ಟ ದಿನ ಹೆಚ್ಚು ಎಚ್ಚರವಾಗಿರು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲ ಸುಮಾರು 300 ಕೋಟಿ ಡಾಲರ್, 2023ರ ಮಾರ್ಚಿನಿಂದ 48 ತಿಂಗಳಿಗೆ. ಒಟ್ಟಿಗೆ ಕೊಡುವುದಿಲ್ಲ, ಪ್ರತಿ ಪರಿಶೀಲನೆ ಮುಗಿದ ಮೇಲೆ ಒಂದೊಂದು ಕಂತು. ನಮ್ಮ ಸಹಕಾರ ಸಂಘದಲ್ಲಿ ಹಳೆಯದನ್ನು ಕಟ್ಟಿ ತೋರಿಸದೆ ಬೆಳೆಸಾಲ ಹೊಸದು ಮಾಡಿಕೊಡುವುದಿಲ್ಲವಲ್ಲ, ಹಾಗೆ. ಮುಖ್ಯ ಷರತ್ತು ಎರಡು. ಬಡ್ಡಿ ಕಟ್ಟುವುದನ್ನು ಬಿಟ್ಟು ಉಳಿದ ಖರ್ಚಿಗಿಂತ ಆದಾಯ, ಒಟ್ಟು ಉತ್ಪನ್ನದ 2.3 ಪ್ರತಿಶತದಷ್ಟು ಹೆಚ್ಚಿರಬೇಕು. ಸರ್ಕಾರದ ಆದಾಯ 15 ಪ್ರತಿಶತಕ್ಕೆ ಮುಟ್ಟಬೇಕು. ಪ್ರಚಾರದಲ್ಲಿ ಈ ಒಪ್ಪಂದವನ್ನು ಮತ್ತೆ ಮಾತಾಡಿ ಬದಲಿಸುತ್ತೇವೆ ಎಂದವರು ಗೆದ್ದ ಮೇಲೆ ಹೆಚ್ಚುಕಡಿಮೆ ಹಾಗೆಯೇ ಮುಂದುವರಿಸಿದ್ದಾರೆ. ನಿನ್ನ ಗೆಳತಿ ಇದನ್ನು ದ್ರೋಹ ಅಂದಳಂತೆ. ನನಗೆ ಇದೇ ಅವರ ಮೇಲೆ ಮೊದಲ ಭರವಸೆ ಹುಟ್ಟಿಸಿದ್ದು. ಡಿಸೆಂಬರಿನಲ್ಲಿ 1,255 ಕೋಟಿ ಡಾಲರಿನ ಹಳೆಯ ಬಾಂಡುಗಳನ್ನು, ಅಂದರೆ ಸಾಲಪತ್ರಗಳನ್ನು, ಹೊಸ ಬಾಂಡಿಗೆ ಬದಲಿಸುವ ಕೆಲಸವೂ ಮುಗಿಯಿತು. ಅದರ ಬಹುಪಾಲು ಹಿಂದಿನವರು ಮಾಡಿಟ್ಟದ್ದು. ಇವರು ಅದನ್ನು ಮುರಿಯಲಿಲ್ಲ, ಅದೇ ಇವರ ಹೆಚ್ಚುಗಾರಿಕೆ.

ಕಷ್ಟ ಮುಂದಿದೆ. ಸಂಬಳದ ತೆರಿಗೆಗೆ ತಿಂಗಳಿಗೆ ಒಂದು ಲಕ್ಷವಿದ್ದ ವಿನಾಯಿತಿ ಏಪ್ರಿಲಿನಿಂದ ಒಂದೂವರೆ ಲಕ್ಷಕ್ಕೆ ಏರುತ್ತದೆ ಎಂದಿದ್ದಾರೆ. 2020ರಿಂದ ನಿಂತಿದ್ದ ವಾಹನಗಳ ಆಮದು ಈ ಫೆಬ್ರುವರಿಯಿಂದ ಖಾಸಗಿಯವರಿಗೂ ತೆರೆಯುತ್ತದೆ. ವಾಹನದ ಮೇಲಿನ ಸುಂಕ ಬೊಕ್ಕಸಕ್ಕೆ ಬೇಕು, ಅದೇ ವಾಹನಕ್ಕೆ ಡಾಲರ್ ಹೊರಗೆ ಹೋಗುತ್ತದೆ. ಎರಡು ಕಡೆ ಹರಿತವಿರುವ ಕತ್ತಿ. ಕೇಂದ್ರ ಬ್ಯಾಂಕು ತಿಂಗಳ ಮೊದಲ ವಾರದಲ್ಲಿ ವಿದೇಶಿ ವಿನಿಮಯದ ದಾಸ್ತಾನು ಎಷ್ಟೆಂದು ಹೇಳುತ್ತದೆ. ಪತ್ರಿಕೆಯ ಒಳಪುಟದಲ್ಲಿ ಇರುತ್ತೆ, ಒಂದು ವಹಿಯಲ್ಲಿ ಬರೆದಿಡುತ್ತ ಹೋಗು. ಮೂರು ತಿಂಗಳು ಸತತ ಇಳಿದರೆ ನಿನ್ನ ಉಳಿತಾಯವನ್ನು ಅಲ್ಲಿನ ರೂಪಾಯಿಯಲ್ಲಿ ಇಡಬೇಡ, ಊರಿಗೆ ಕಳಿಸು. 2022ರಲ್ಲಿ ಡಾಲರಿಗೆ 200 ಇದ್ದದ್ದು ಕೆಲವೇ ವಾರದಲ್ಲಿ 360 ಆಗಿ, ಕೂಡಿಟ್ಟವರ ದುಡ್ಡು ಕರಗಿಹೋಯಿತು. 2028ರಿಂದ ವಿದೇಶಿ ಸಾಲದ ಕಂತುಗಳು ದೊಡ್ಡದಾಗುತ್ತವೆ. ನಿಜವಾದ ಪರೀಕ್ಷೆ ಆ ವರ್ಷ.

ಇನ್ನು ಆಡಳಿತದ ಅನುಭವ. ಗೆದ್ದ 159 ಜನರಲ್ಲಿ ಬಹಳಷ್ಟು ಮಂದಿ ಸಂಸತ್ತಿಗೆ ಹೊಸಬರು. ಡಿಸೆಂಬರಿನಲ್ಲಿ ಅಕ್ಕಿ ಸಿಗದೆ ಭಾರತದಿಂದ ತರಿಸಬೇಕಾಯಿತು. ಬೆಲೆ ನಿಗದಿ ಮಾಡಿದರೆ ಗಿರಣಿಯವರು ಸರಕು ಒಳಗಿಡುತ್ತಾರೆ, ಬಿಟ್ಟರೆ ಏರಿಸುತ್ತಾರೆ. ಇದು ಭಾಷಣದಿಂದ ಬಗೆಹರಿಯುವ ಕಾಯಿಲೆ ಅಲ್ಲ. ಗೋದಾಮು ಬೇಕು, ಕೊಯ್ಲಿನ ಹೊತ್ತಿಗೆ ಭತ್ತ ಕೊಳ್ಳಲು ಸರ್ಕಾರದ ಕೈಯಲ್ಲಿ ರೊಕ್ಕ ಬೇಕು. ಡಾಕ್ಟರೇಟ್ ಇದೆ ಎಂದು ಹೇಳಿಕೊಂಡು ದಾಖಲೆ ತೋರಿಸಲಾಗದ ಸ್ಪೀಕರ್ ಮೂರೇ ವಾರಕ್ಕೆ ರಾಜೀನಾಮೆ ಕೊಟ್ಟದ್ದು ಮಾತ್ರ ನನಗೆ ಹಿಡಿಸಿತು. ತಪ್ಪು ಆದದ್ದು ಹೌದು, ಮುಚ್ಚಿಡಲಿಲ್ಲ.

ನಿನ್ನ ಕಾಗದದಲ್ಲಿ ಒಂದು ಮಾತೂ ಬಾರದ ವಿಷಯ ಇದು, ಅದಕ್ಕೇ ಹೇಳಬೇಕು. ದಿಸ್ಸಾನಾಯಕೆ ಬಂದದ್ದು ಜನತಾ ವಿಮುಕ್ತಿ ಪೆರಮುನ ಎಂಬ ಎಡಪಂಥದ ಪಕ್ಷದಿಂದ, ಅದರ ಹಿಂದೆ 1971 ಮತ್ತು 1987–89ರ ಎರಡು ದಂಗೆಗಳಿವೆ. ಎರಡನೆಯದರಲ್ಲಿ ಹತ್ತಾರು ಸಾವಿರ ಹುಡುಗರು ಸತ್ತರು, ದಂಗೆಯವರು ಕೊಂದದ್ದೂ ಇದೆ, ಸರ್ಕಾರ ಕೊಂದದ್ದು ಅದಕ್ಕಿಂತ ಹೆಚ್ಚು. 1987ರ ಭಾರತ–ಲಂಕಾ ಒಪ್ಪಂದದ ವಿರುದ್ಧ ಅವರು ಭಾರತದ ಸರಕು ಕೊಳ್ಳಬೇಡಿ, ಮಾರಬೇಡಿ ಎಂದು ಬೆದರಿಸಿದ್ದರು. ಅವರ ಹಳೆಯ ಪಾಠಗಳಲ್ಲಿ ಒಂದರ ಹೆಸರೇ ಭಾರತದ ವಿಸ್ತರಣಾವಾದ. ಪಕ್ಷ ಬದಲಾಗಿದೆ, ಹಿಂದಿನ ಹಿಂಸೆಗೆ ಇವರೇ ಕ್ಷಮೆ ಕೇಳಿದ್ದಾರೆ. ಅಧ್ಯಕ್ಷರಾಗಿ ಮೊದಲ ವಿದೇಶ ಪ್ರವಾಸಕ್ಕೆ ಬಂದದ್ದು ದೆಹಲಿಗೆ, ಕಳೆದ ತಿಂಗಳು. ತಮ್ಮ ನೆಲವನ್ನು ಭಾರತದ ಹಿತಕ್ಕೆ ವಿರುದ್ಧ ಬಳಸಲು ಬಿಡುವುದಿಲ್ಲ ಎಂದು ಹೇಳಿಹೋದರು. ಈ ವಾರ ಚೀನಾದಲ್ಲಿದ್ದಾರೆ. ಸಣ್ಣ ದೇಶ ಎರಡು ದೊಡ್ಡ ಮನೆಯ ನಡುವೆ ಬದುಕುವುದು ಹೀಗೆಯೇ, ಅದಕ್ಕೆ ಸಿಟ್ಟಾಗಬಾರದು.

ನನಗೆ ಹೆಚ್ಚು ಕಾಡುವುದು ತಮಿಳರ ವಿಷಯ. ಪ್ರಾಂತ್ಯಗಳಿಗೆ ಸ್ವಲ್ಪ ಅಧಿಕಾರ ಹಂಚುವ 13ನೇ ತಿದ್ದುಪಡಿಯ ಪ್ರಾಂತೀಯ ಮಂಡಳಿಗಳನ್ನು ಈ ಪಕ್ಷ ಹಿಂದಿನಿಂದಲೂ ವಿರೋಧಿಸಿದೆ. ಉತ್ತರ, ಪೂರ್ವ ಪ್ರಾಂತ್ಯಗಳನ್ನು ಬೇರೆ ಮಾಡಿಸಿದ 2006ರ ಕೋರ್ಟು ತೀರ್ಪಿನ ಹಿಂದೆ ಇವರದೇ ಅರ್ಜಿ ಇತ್ತು. ಆ ಮಂಡಳಿಗಳಿಗೆ 2014ರ ಮೇಲೆ ಚುನಾವಣೆಯೇ ಆಗಿಲ್ಲ. ಜಾಫ್ನಾದವರು ನಂಬಿ ಮತ ಹಾಕಿದ್ದಾರೆ, ಆ ನಂಬಿಕೆಗೆ ಉತ್ತರವಾಗಿ ಚುನಾವಣೆಯ ದಿನಾಂಕ ಬರುತ್ತದೆಯೇ ನೋಡು. 1979ರ ಭಯೋತ್ಪಾದನೆ ತಡೆ ಕಾಯ್ದೆಯನ್ನು ರದ್ದು ಮಾಡುತ್ತೇವೆ ಎಂದಿದ್ದಾರೆ, ಅದು ಇನ್ನೂ ಜಾರಿಯಲ್ಲಿದೆ. 21 ಮಂತ್ರಿಗಳ ಸಂಪುಟದಲ್ಲಿ ಒಬ್ಬ ಮುಸ್ಲಿಮನೂ ಇಲ್ಲ. ಚಹಾ ತೋಟದ ಕೂಲಿಯವರು ಅಲ್ಲಿನ ರೂಪಾಯಿಯಲ್ಲಿ 1,700 ಕೇಳಿ 1,350ರ ದಿನಗೂಲಿಗೆ ಒಪ್ಪಿದ್ದಾರೆ. ಇವರು ನಮಗೆ ದೂರದವರಲ್ಲ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಅಲ್ಲಿಂದ ಬಂದವರ ಕುಟುಂಬಗಳೇ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಇರುವುದು. ಚಹಾ ತೋಟಗಳ ನುವಾರ ಎಲಿಯ ಕಡೆ ಹೋದರೆ ಕೂಲಿಯವರ ಸಾಲುಮನೆಗಳನ್ನು ನೋಡಿ ಬಾ, ಫೋಟೋ ತೆಗೆಯಬೇಡ.

ಈಗ ನಿನ್ನ ಕೆಲಸದ ಮಾತು. ಲಂಚ ನಿಲ್ಲಿಸುತ್ತೇನೆ ಎಂಬ ಅವರ ಮಾತು ನಿಜವಾದರೆ ನಮ್ಮ ಮಲೆನಾಡಿಗೆ ನೇರವಾಗಿ ಒಳ್ಳೆಯದಾಗುವುದು ಇಲ್ಲಿಯೇ.

ಹೊರಗಿನ ಮೆಣಸಿಗೆ ಭಾರತದಲ್ಲಿ ಸಾಮಾನ್ಯ ಸುಂಕ 70 ಪ್ರತಿಶತ. ವಿಯೆಟ್ನಾಮಿನದು ಆಗ್ನೇಯ ಏಷ್ಯಾ ದೇಶಗಳ ಆಸಿಯಾನ್ ಒಪ್ಪಂದದಲ್ಲಿ ಬಂದರೂ 50. ಶ್ರೀಲಂಕಾದಿಂದ ಬಂದರೆ ವರ್ಷಕ್ಕೆ 2,500 ಟನ್ನಿಗೆ ಸುಂಕವೇ ಇಲ್ಲ, ಅದರಾಚೆ ಸಾಫ್ಟಾ ಎಂಬ ದಕ್ಷಿಣ ಏಷ್ಯಾದ ವ್ಯಾಪಾರ ಒಪ್ಪಂದದ ಪ್ರಕಾರ 8. ಕಿಲೋಕ್ಕೆ 500 ಎಂದು ಹಿಡಿದರೆ ವಿಯೆಟ್ನಾಮಿನದಕ್ಕೆ 250 ಸುಂಕ, ಲಂಕಾದ್ದಕ್ಕೆ 40. ವ್ಯತ್ಯಾಸ 210. ಒಂದು ಕಂಟೇನರಿನಲ್ಲಿ 15 ಟನ್ ಎಂದರೂ ಮೂವತ್ತೊಂದೂವರೆ ಲಕ್ಷ ರೂಪಾಯಿ. ವಿಯೆಟ್ನಾಮಿನ ಚೀಲಕ್ಕೆ ಲಂಕಾದ ಮೂಲ ಪ್ರಮಾಣಪತ್ರ, ಅಂದರೆ ಲಂಕಾದಲ್ಲೇ ಬೆಳೆದದ್ದು ಎನ್ನುವ ಕಾಗದ, ಅಂಟಿಸಲು ಇಷ್ಟು ದುಡ್ಡು ಸಾಕಲ್ಲ. 2017ರ ಡಿಸೆಂಬರಿನಲ್ಲಿ ಭಾರತ ಕನಿಷ್ಠ ಆಮದು ಬೆಲೆ 500 ರೂಪಾಯಿ ಎಂದು ಕಟ್ಟು ಹಾಕಿತು. ಅದೂ ಕಾಗದದ ಕಟ್ಟೇ. ಬಿಲ್ಲಿನಲ್ಲಿ 500 ಬರೆಸಿ ಮೇಲಿನದನ್ನು ಬೇರೆ ದಾರಿಯಲ್ಲಿ ವಾಪಸು ತರಿಸಿಕೊಳ್ಳಬಹುದು. ಇವತ್ತು ನಮ್ಮ ಮಂಡಿಯಲ್ಲೇ ಬೆಲೆ 600 ದಾಟಿರುವಾಗ ಆ ಕಟ್ಟು ಇದ್ದೂ ಇಲ್ಲದ ಹಾಗೆ.

ಮೂಲ ಪ್ರಮಾಣಪತ್ರ ಕೊಡುವುದು ಕೊಲಂಬೊದ ವಾಣಿಜ್ಯ ಇಲಾಖೆ. ಅವರು ಕಾಗದ ನೋಡುತ್ತಾರೆ. ಕಾಳು ನೋಡುವವಳು ನೀನು. ಸರಕಿನ ಲಾಟು ಬಂದ ಕೂಡಲೆ ಲೀಟರ್ ತೂಕ (ಒಂದು ಲೀಟರ್ ಕಾಳು ಎಷ್ಟು ತೂಗುತ್ತದೆ), ತೇವಾಂಶ, ಕಾಳಿನ ಗಾತ್ರ ಬರೆದಿಡು. ಮಾತಲೆ, ಕ್ಯಾಂಡಿಯ ಸಣ್ಣ ಹಿಡುವಳಿಯವರಿಂದ ಕೂಡಿಸಿದ ಮೆಣಸಿನಲ್ಲಿ ಗಾತ್ರ, ಬಣ್ಣ ಹೊಂದಿಕೆಯಾಗುವುದಿಲ್ಲ, ಒಣಗಿಸಿದ್ದೂ ಹತ್ತು ಅಂಗಳದಲ್ಲಿ. ಒಂದೇ ಗಾತ್ರದ, ಯಂತ್ರದಲ್ಲಿ ಜಾಡಿಸಿದ, ಲೀಟರಿಗೆ 550 ಗ್ರಾಂ ತೂಗುವ ಕಾಳು 15 ಟನ್ ಒಟ್ಟಿಗೆ ಬಂದು ನಿಂತರೆ ಎಲ್ಲಿಂದ ಬಂತು ಎಂದು ಕೇಳು. ಹಸಿಮೆಣಸು 100 ಕಿಲೋ ಒಣಗಿದರೆ 33 ಕಿಲೋದ ಆಸುಪಾಸು. ಕೂಡಿಸಿದವನ ಖರೀದಿ ಚೀಟಿಗಳಲ್ಲಿ ಅಷ್ಟು ಹಸಿ ಇಲ್ಲ, ಒಣದ್ದನ್ನೂ ಕೊಂಡ ಚೀಟಿಯಿಲ್ಲ ಅಂದರೆ ಕಾಳು ಬೇರೆಲ್ಲಿಂದಲೋ ಬಂದಿದೆ. ಕಣ್ಣಿಗೆ ಕಂಡದ್ದರಿಂದ ಮಾತ್ರ ಯಾರ ಮೇಲೂ ತಪ್ಪು ಹೊರಿಸಬೇಡ, ಒಳ್ಳೆಯ ದೊಡ್ಡ ಕಾಳು ಲಂಕಾದಲ್ಲೂ ಇದೆ. ಚೀಟಿ ತಾಳೆಯಾಗುವವರೆಗೆ "ಮೂಲ ದೃಢ" ಎಂಬ ಜಾಗದಲ್ಲಿ ಸಹಿ ಹಾಕಬೇಡ. ಒತ್ತಾಯ ಬಂದರೆ ಬರಹದಲ್ಲಿ ಕೊಡಿ ಎನ್ನು, ಬಹಳ ಮಂದಿ ಅಲ್ಲಿಗೇ ನಿಲ್ಲಿಸುತ್ತಾರೆ. ಲಾಟಿನ ಒಂದು ಕಿಲೋ ಮಾದರಿ ಮೊಹರು ಮಾಡಿ ಆರು ತಿಂಗಳು ಇಟ್ಟುಕೋ.

ಭಾರತ–ಲಂಕಾ ನಡುವಿನ ಎಟ್ಕಾ ಎಂಬ ಹೊಸ ಆರ್ಥಿಕ ಒಪ್ಪಂದದ ಮಾತುಕತೆ ಮುಂದುವರಿಸುತ್ತೇವೆ ಎಂದು ದೆಹಲಿಯ ಜಂಟಿ ಹೇಳಿಕೆಯಲ್ಲಿದೆ. ಅದು ಬಂದರೆ ಮೆಣಸಿನ 2,500 ಟನ್ ಮಿತಿ ಏನಾಗುತ್ತದೆ ಅನ್ನುವುದನ್ನು ಇಲ್ಲಿನ ಬೆಳೆಗಾರರು ಕಾಯುತ್ತಿದ್ದಾರೆ. ಕರಡು ಪ್ರಕಟವಾದರೆ ಮೊದಲು ಅನುಬಂಧ ಬಿಡಿಸು, ಸುಂಕಪಟ್ಟಿಯ 0904 ಎಂಬ ಸಾಲು ಹುಡುಕು. ಕಾಳುಮೆಣಸು ಇರುವುದು ಅಲ್ಲಿ.

ಒಂದು ಮಾತು ಮರೆಯಬೇಡ, ನೀನು ಆ ದೇಶದಲ್ಲಿ ಅನುಮತಿಯ ಮೇಲೆ ಕೆಲಸ ಮಾಡುವವಳು. ಫೇಸ್‌ಬುಕ್ಕಿನಲ್ಲಿ ಅವರ ಅಧ್ಯಕ್ಷರನ್ನು ಹೊಗಳುವುದೂ ಬೇಡ, ತೆಗಳುವುದೂ ಬೇಡ. ಊಟದ ಹೊತ್ತಿನಲ್ಲಿ ಸಿಂಹಳದವರೂ ತಮಿಳರೂ ಏನು ಹೇಳುತ್ತಾರೆ ಕೇಳು, ಬೇರೆಬೇರೆಯಾಗಿ ಕೇಳು. ಆಸೆ ಬಿಡಬೇಡ. ನಾನೂ ಬಿಟ್ಟಿಲ್ಲ, ಇಷ್ಟುದ್ದ ಬರೆದದ್ದು ಅದಕ್ಕೇ.

ಫೆಬ್ರುವರಿಯಲ್ಲಿ ಇವರ ಮೊದಲ ಬಜೆಟ್. ಭಾಷಣ ಇಂಗ್ಲಿಷಿನಲ್ಲೂ ಸಿಗುತ್ತೆ, ಬಂದ ದಿನವೇ ನನಗೆ ಕಳಿಸು. ಆದಾಯದ ಕೋಷ್ಟಕ ಇರುವ ಪುಟ ಬಿಡದಿರಲಿ. ಶಿವರಾತ್ರಿಗೆ ರಜೆ ಸಿಕ್ಕರೆ ಬಾ, ಅಷ್ಟೊತ್ತಿಗೆ ಮೆಣಸು ಅಂಗಳಕ್ಕೆ ಬಂದಿರುತ್ತೆ. ಬರುವಾಗ ಮಾತಲೆಯ ಮೆಣಸು ಕಾಲು ಕಿಲೋ ತಾ. ನಮ್ಮದರ ಪಕ್ಕ ಇಟ್ಟು ತೂಗಿ ನೋಡೋಣ.

ಇಂತಿ,
ನಿನ್ನ ಅತ್ತೆ